ಪೇಪರ್ ಆಯ್ಕೆ ಆಯ್ತು, ಟಿಕೆಟ್ ಯಾವಾಗ ಕಳಿಸ್ತಾರೆ?

ಪ್ರಶ್ನೆ: ಸರ್, ನಾನು ಪಿಎಚ್.ಡಿ ಮೂರನೇ ವರ್ಷದಲ್ಲಿದ್ದೇನೆ. ನನ್ನ ಪೇಪರ್ ಯುರೋಪಿನ ಒಂದು ಕಾನ್ಫರೆನ್ಸ್‌ಗೆ ಆಯ್ಕೆ ಆಗಿದೆ. ಇನ್ವಿಟೇಶನ್ ಲೆಟರ್ ಕೂಡ ಬಂದಿದೆ. ವಿಮಾನದ ಟಿಕೆಟ್ ಅವರೇ ಕಳಿಸ್ತಾರಾ, ಅಥವಾ ನಾವು ಬುಕ್ ಮಾಡಿದ ಮೇಲೆ ದುಡ್ಡು ಕೊಡ್ತಾರಾ?

ಉತ್ತರ: ಎರಡೂ ಇಲ್ಲ.

ಪೇಪರ್ ಆಯ್ಕೆ ಆಗಿದ್ದಕ್ಕೆ ಮೊದಲು ಅಭಿನಂದನೆ. ಅದು ಸಣ್ಣ ಮಾತಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಕೇಳುವವರ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ. ಒಮ್ಮೆ ಬರ್ಲಿನ್, ಒಮ್ಮೆ ಸಿಂಗಪುರ. ಪ್ರಶ್ನೆ ಮಾತ್ರ ಅದೇ. ಆದ್ದರಿಂದ ಈ ಸಲ ಬೇರಿನಿಂದಲೇ ಕೀಳೋಣ.

ಈ ನಂಬಿಕೆ ಹುಟ್ಟಿದ್ದು ಎಲ್ಲಿ ಅಂತ ನನಗೆ ಗೊತ್ತು. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸೆಮಿನಾರ್‌ಗೆ ಕರೆದವರಿಗೆ ಟಿಎ-ಡಿಎ ಕೊಡುವುದು ರೂಢಿ. ಸಂಪನ್ಮೂಲ ವ್ಯಕ್ತಿ ಅಂತ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಾರಿನಲ್ಲಿ ಸ್ಟೇಷನ್‌ವರೆಗೂ ಬಿಟ್ಟು ಬರುತ್ತೇವೆ. ಅದನ್ನು ನೋಡಿ ಬೆಳೆದವರಿಗೆ "ನಿಮ್ಮ ಪೇಪರ್ ಆಯ್ಕೆಯಾಗಿದೆ, ದಯವಿಟ್ಟು ಬನ್ನಿ" ಅಂದರೆ ಖರ್ಚೂ ಅವರದೇ ಅನ್ನಿಸುವುದು ಸಹಜ. ಗೈಡ್ ಯಾವತ್ತೋ ಜಪಾನಿಗೆ ಅವರ ಖರ್ಚಿನಲ್ಲೇ ಹೋಗಿ ಬಂದ ಕಥೆಯೂ ಕಿವಿಗೆ ಬಿದ್ದಿರುತ್ತದೆ. ಗೈಡ್ ಹೋಗಿದ್ದು ಕೀನೋಟ್ ಅಂದರೆ ಮುಖ್ಯ ಭಾಷಣಕ್ಕೋ, ವಿಶೇಷ ಆಹ್ವಾನಿತರಾಗಿಯೋ ಇರಬಹುದು. ಅಂಥವರು ಒಂದು ಸಮ್ಮೇಳನದಲ್ಲಿ ಬೆರಳೆಣಿಕೆ. ನೀವು ಪೇಪರ್ ಕಳಿಸಿ ಆಯ್ಕೆಯಾದವರು. ನಿಮ್ಮಂಥವರು ನೂರಾರು ಜನ, ದೊಡ್ಡ ಸಮ್ಮೇಳನವಾದರೆ ಸಾವಿರಾರು. ಎಲ್ಲರಿಗೂ ಟಿಕೆಟ್ ಕೊಡುವ ಖಜಾನೆ ಯಾರ ಹತ್ತಿರ ಇದೆ?

ಕಾನ್ಫರೆನ್ಸ್‌ನ ಲೆಕ್ಕಪುಸ್ತಕ ಒಮ್ಮೆ ಕಣ್ಣಿಗೆ ಬಿದ್ದರೆ ಈ ಭ್ರಮೆ ತಾನಾಗಿ ಹೋಗುತ್ತದೆ. ಸಮ್ಮೇಳನ ನಡೆಸುವವರೂ ನಿಮ್ಮ ಗೈಡ್‌ನಂಥ ಪ್ರೊಫೆಸರ್‌ಗಳೇ. ಸಾಮಾನ್ಯವಾಗಿ ಸಂಬಳ ಇಲ್ಲದೆ ಮಾಡುತ್ತಾರೆ. ಪೇಪರ್ ಓದಿ ಅಂಕ ಹಾಕುವ ರಿವ್ಯೂವರ್‌ಗೂ ಹೆಚ್ಚಿನ ಕಡೆ ಬಿಡಿಗಾಸು ಸಿಗುವುದಿಲ್ಲ. ಒಳಬರುವ ದುಡ್ಡಲ್ಲಿ ದೊಡ್ಡ ಪಾಲು ರಿಜಿಸ್ಟ್ರೇಶನ್ ಫೀ, ಉಳಿದದ್ದು ಪ್ರಾಯೋಜಕ ಕಂಪನಿಗಳದ್ದು. ಹಾಲ್ ಬಾಡಿಗೆ, ಮೈಕು, ಕಾಫಿ, ಊಟ, ಪ್ರಕಟಣೆಗೆ ಅದು ಖರ್ಚಾಗುತ್ತದೆ. ಅಂದರೆ ಆ ಹಾಲ್‌ಗೆ ಬಾಡಿಗೆ ಕಟ್ಟುವವರಲ್ಲಿ ನೀವೂ ಒಬ್ಬರು.

ಇನ್ನು ಆ ಇನ್ವಿಟೇಶನ್ ಲೆಟರ್. ಅದನ್ನು ಕೊನೆಯ ಪ್ಯಾರಾವರೆಗೆ ಓದಿದ್ದೀರಾ? ಓದಿಲ್ಲ ಅಂತ ನನ್ನ ಅಂದಾಜು. ಪ್ರಯಾಣ, ವಸತಿಯ ಖರ್ಚಿಗೆ ಸಂಘಟಕರು ಹೊಣೆಯಲ್ಲ ಅನ್ನುವ ವಾಕ್ಯ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ. ಆ ಪತ್ರ ಬರೆದದ್ದು ವೀಸಾ ಅಧಿಕಾರಿಗಾಗಿ. ಈ ವ್ಯಕ್ತಿ ನಿಜವಾಗಿ ಪೇಪರ್ ಓದಲು ಬರುತ್ತಿದ್ದಾರೆ ಅಂತ ಹೇಳುವ ಪತ್ರ, ಅಷ್ಟೇ. ಎಷ್ಟೋ ಕಡೆ ನೀವು ಫೀ ಕಟ್ಟಿದ ಮೇಲೆ ಕಂಪ್ಯೂಟರ್ರೇ ಅದನ್ನು ತಯಾರು ಮಾಡಿ ಕಳಿಸುತ್ತದೆ. ಲಗ್ನಪತ್ರಿಕೆ ಕೊಟ್ಟವರು ಬಸ್ ಚಾರ್ಜೂ ಕೊಡುತ್ತಾರೆ ಅಂತ ಯಾರಾದರೂ ಕಾಯುತ್ತಾರಾ?

ಈ ನಂಬಿಕೆಯಿಂದ ಸುಮ್ನೆ ನಿರಾಸೆ ಆಗುವುದಾದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಇದನ್ನೇ ನಂಬಿಕೊಂಡವರನ್ನು ಹಿಡಿಯಲು ನಕಲಿ ಸಮ್ಮೇಳನಗಳ ಒಂದು ವ್ಯಾಪಾರವೇ ನಡೆಯುತ್ತಿದೆ. ನೀವು ಏನನ್ನೂ ಕಳಿಸಿರುವುದಿಲ್ಲ, ಆದರೂ "ಗೌರವಾನ್ವಿತ ಪ್ರೊಫೆಸರ್" ಅಂತ ಮೇಲ್ ಬರುತ್ತದೆ. ನೀವು ಇನ್ನೂ ಕೋರ್ಸ್‌ವರ್ಕ್ ಮುಗಿಸಿರುವುದಿಲ್ಲ! ಅಬ್‌ಸ್ಟ್ರಾಕ್ಟ್, ಅಂದರೆ ಪೇಪರಿನ ಸಾರಾಂಶ, ಕಳಿಸಿದರೆ ಎರಡೇ ದಿನದಲ್ಲಿ ಆಯ್ಕೆ. ಮೂರನೇ ದಿನ ಫೀ ಕಟ್ಟಲು ಲಿಂಕ್. ಜರ್ನಲ್ ಮತ್ತು ಸಮ್ಮೇಳನ ನಡೆಸುವ, ಹೈದರಾಬಾದ್ ಮೂಲದ ಓಮಿಕ್ಸ್ ಸಂಸ್ಥೆಯ ಕೇಸ್ ಗೊತ್ತಿರಲಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಅದರ ಮೇಲೆ ದಾವೆ ಹಾಕಿತು. 2019ರಲ್ಲಿ ಅಲ್ಲಿನ ಕೋರ್ಟ್ 5 ಕೋಟಿ ಡಾಲರಿಗೂ ಜಾಸ್ತಿ ಮೊತ್ತ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ಜರ್ನಲ್‌ಗಳ ವಿಷಯ ಒಂದು ಕಡೆ. ಹೆಸರಾಂತ ವಿಜ್ಞಾನಿಗಳು ಬರುತ್ತಾರೆ ಅಂತ ಸುಳ್ಳು ಹೇಳಿ ಸಮ್ಮೇಳನಗಳಿಗೆ ಜನ ಸೇರಿಸಿದ್ದೂ ಆ ಕೇಸಿನಲ್ಲಿತ್ತು. ನಿಮ್ಮ ಕಾನ್ಫರೆನ್ಸ್ ಅಸಲಿಯೋ ನಕಲಿಯೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ನೀವು ಓದಿ ಉಲ್ಲೇಖಿಸುವ ಪೇಪರ್‌ಗಳಲ್ಲಿ ಒಂದಾದರೂ ಹಿಂದೆ ಅಲ್ಲಿ ಮಂಡನೆಯಾದದ್ದಾ? ಇಲ್ಲ ಅಂದರೆ ಟ್ರಾವೆಲ್ ಗ್ರಾಂಟ್ ಚಿಂತೆ ಬಿಡಿ, ಹೋಗುವ ಚಿಂತೆಯನ್ನೂ ಬಿಡಿ.

ಸರಿ, ದುಡ್ಡು ಎಲ್ಲಿದೆ?

ಒಂದೇ ಕಡೆ ಇಲ್ಲ. ನಾಲ್ಕು ಕಡೆಯಿಂದ ತುಂಡು ತುಂಡಾಗಿ ಜೋಡಿಸಬೇಕು. ಎಲ್ಲಕ್ಕಿಂತ ಮೊದಲು ನಿಮ್ಮ ಫೆಲೋಶಿಪ್‌ನ ನಿಯಮ ಓದಿ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಇದ್ದವರಿಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಸಂಶೋಧನಾ ಅನುದಾನ ಇದೆ, ವಿದೇಶ ಪ್ರಯಾಣಕ್ಕೂ ಅದನ್ನು ಬಳಸಬಹುದು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಜೂನಿಯರ್ ಫೆಲೋಶಿಪ್ (ಜೆಆರ್‌ಎಫ್) ಇದ್ದವರಿಗೆ ವರ್ಷದ ಕಾಂಟಿಂಜೆನ್ಸಿ, ಅಂದರೆ ಬಿಡಿ ಖರ್ಚಿನ ಹಣ, 20,000 ರೂಪಾಯಿ ಮಾತ್ರ. ಅದರಲ್ಲಿ ಯುರೋಪ್ ಆಗುವುದಿಲ್ಲ. ಗೈಡ್ ಪ್ರಾಜೆಕ್ಟ್‌ನಲ್ಲಿ ಟ್ರಾವೆಲ್ ಅಂತ ಒಂದು ಖರ್ಚಿನ ಬಾಬ್ತು ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ಏನು ಉಳಿದಿದೆ ಅಂತ ಕೇಳಲು ನಾಚಿಕೆ ಬೇಡ.

ಆಮೇಲೆ ಸರ್ಕಾರಿ ಯೋಜನೆಗಳು. ಇವುಗಳಲ್ಲಿ ಹೆಸರುವಾಸಿ ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿಯಾಗಿದ್ದ ಸೆರ್ಬ್‌ನ ಇಂಟರ್‌ನ್ಯಾಷನಲ್ ಟ್ರಾವೆಲ್ ಸಪೋರ್ಟ್. ಈಗ ಸೆರ್ಬ್ ಅನ್ನುವುದೇ ಇಲ್ಲ. 2023ರ ಕಾಯ್ದೆಯ ಪ್ರಕಾರ ಬಂದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನೊಳಗೆ ಅದು ಸೇರಿಹೋಗಿದೆ. ಹಾಗಾಗಿ ಸೀನಿಯರ್ ಕೊಟ್ಟ ಹಳೇ ಪಿಡಿಎಫ್ ನಂಬಿ ಕೂರಬೇಡಿ. ಹೊಸ ಸಂಸ್ಥೆಯ ತಾಣದಲ್ಲಿ ಅರ್ಜಿ ತೆರೆದಿದೆಯಾ ನೋಡಿ. ಜೀವವಿಜ್ಞಾನದವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಸಿಟೆಪ್ ಯೋಜನೆ ಇದೆ, ವೈದ್ಯಕೀಯದವರಿಗೆ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್, ಸಮಾಜವಿಜ್ಞಾನದವರಿಗೆ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್. ಸಿಎಸ್‌ಐಆರ್‌ನದ್ದೂ ಬೇರೆ ಟ್ರಾವೆಲ್ ಗ್ರಾಂಟ್ ಇದೆ. ಸರ್ಕಾರದ್ದಲ್ಲದಿದ್ದರೂ, ಕಂಪ್ಯೂಟರ್ ಸೈನ್ಸ್‌ನವರು ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಎಂಬ ಆ ಕ್ಷೇತ್ರದ ಸಂಘಗಳು ಸೇರಿ ಕೊಡುವ ಗ್ರಾಂಟ್ ನೋಡಬೇಕು.

ಕೊನೆಗೆ ಸಮ್ಮೇಳನದ್ದೇ, ಅಥವಾ ಅದರ ಹಿಂದಿರುವ ಸಂಘದ್ದೇ ವಿದ್ಯಾರ್ಥಿ ನೆರವು. ಈಗಷ್ಟೇ ಸಮ್ಮೇಳನದವರು ಕೊಡುವುದಿಲ್ಲ ಅಂದಿರಲ್ಲ ಅಂತ ಕೇಳಬೇಡಿ. ತಾವಾಗಿ ಕೊಡುವುದಿಲ್ಲ ಅಂದೆ. ಬೇರೆಯಾಗಿ ಅರ್ಜಿ ಹಾಕಬೇಕು, ಅದಕ್ಕೆ ಬೇರೆಯೇ ಡೆಡ್‌ಲೈನ್ ಇರುತ್ತದೆ. ಭೂವಿಜ್ಞಾನದವರು ಸೇರುವ, ಯುರೋಪಿನ ಭೂವಿಜ್ಞಾನ ಸಂಘದ (ಇಜಿಯು) ವಿಯೆನ್ನಾ ಸಭೆಗೆ ರೋಲಾಂಡ್ ಶ್ಲಿಷ್ ಹೆಸರಿನಲ್ಲಿ ಪ್ರಯಾಣ ನೆರವು ಇದೆ. ಮನುಷ್ಯರು ಕಂಪ್ಯೂಟರ್ ಬಳಸುವ ಬಗೆಯನ್ನು ಅಧ್ಯಯನ ಮಾಡುವವರಿಗೆ ಆ ವಿಷಯದ ಸಿಗ್‌ಕೈ ಸಂಘದ ಗ್ಯಾರಿ ಮಾರ್ಸ್‌ಡೆನ್ ಅವಾರ್ಡ್ ಇದೆ. ಕೆಲವು ಕಡೆ ಸ್ಟೂಡೆಂಟ್ ವಾಲಂಟಿಯರ್ ಆಗಿ ಗೊತ್ತುಪಡಿಸಿದಷ್ಟು ಗಂಟೆ ಕೆಲಸ ಮಾಡಿದರೆ ಫೀ ಮಾಫಿ. ಬ್ಯಾಡ್ಜ್ ಹಂಚುವುದು, ಬಾಗಿಲಲ್ಲಿ ನಿಲ್ಲುವುದು ಇಂಥ ಕೆಲಸ. ಅದರಲ್ಲಿ ಅವಮಾನ ಏನೂ ಇಲ್ಲ.

ಇದೆಲ್ಲ ಐಐಎಸ್‌ಸಿ, ಐಐಟಿಯವರಿಗೆ ಮಾತ್ರ ಅಂತ ಗೊಣಗುವವರಿಗೆ ಒಂದು ಮಾತು. ಹೀಗೆ ಜೋಡಿಸಿಕೊಂಡು ಹೋಗಿಬಂದವರು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯದವರು. ಹೇಳಿಕೊಳ್ಳಲು ನನಗೇನೂ ಸಂಕೋಚ ಇಲ್ಲ.

ಒಂದು ಎಚ್ಚರಿಕೆ. ಇದರಲ್ಲಿ ಹೆಚ್ಚಿನದು ಮೊದಲು ನೀವು ಖರ್ಚು ಮಾಡಿ, ಬಂದ ಮೇಲೆ ಬಿಲ್ ಕೊಟ್ಟು ಪಡೆಯುವ ದುಡ್ಡು. ವಾಪಸ್ ಬರಲು ತಿಂಗಳುಗಳೇ ಹಿಡಿಯಬಹುದು. ಸರ್ಕಾರಿ ದುಡ್ಡಾದರೆ ಇಕಾನಮಿ ಕ್ಲಾಸ್, ಹತ್ತಿರದ ದಾರಿ. ಟಿಕೆಟ್ ವಿಷಯದಲ್ಲಿ 2022ರಲ್ಲಿ ಹಣಕಾಸು ಸಚಿವಾಲಯ ಹೇಳಿದ್ದು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರೇ ಏಜೆಂಟ್‌ಗಳನ್ನು. ಆ ನಿಯಮ ನಿಮ್ಮ ಗ್ರಾಂಟ್‌ಗೆ ಅನ್ವಯಿಸುತ್ತದಾ ಅಂತ ಫೈನಾನ್ಸ್ ಸೆಕ್ಷನ್‌ನಲ್ಲಿ ಕೇಳದೆ, ಆ್ಯಪ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬುಕ್ ಮಾಡಿದರೆ ಬಿಲ್ ಪಾಸಾಗದೆ ಹೋಗಬಹುದು. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗನ್ ವೀಸಾದ ಫೀ 90 ಯೂರೋ, ವೀಸಾ ಸಿಗದಿದ್ದರೂ ಅದು ಹಿಂದೆ ಬರುವುದಿಲ್ಲ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಗ್ರಾಂಟ್ ಉತ್ತರ ಬರಲಿ ಅಂತ ಕಾದು ಕೂತರೆ ಗ್ರಾಂಟ್ ಬರುತ್ತದೆ, ವೀಸಾ ಬರುವುದಿಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ದುಡ್ಡು ಸಿಗಲೇ ಇಲ್ಲ ಅಂದರೆ ಪೇಪರ್ ಗತಿ ಏನು? ಗಣಿತ, ಜೀವವಿಜ್ಞಾನದಲ್ಲಿ ಹೆಚ್ಚಾಗಿ ಅಬ್‌ಸ್ಟ್ರಾಕ್ಟ್ ವಾಪಸ್ ತೆಗೆದುಕೊಂಡರೆ ಮುಗಿಯಿತು, ಕೆಲಸವನ್ನು ಜರ್ನಲ್‌ಗೆ ಕಳಿಸಬಹುದು. ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಕಾನ್ಫರೆನ್ಸ್ ಪೇಪರ್ರೇ ಪ್ರಕಟಣೆ. ಪ್ರತಿ ಪೇಪರಿಗೆ ಸಾಮಾನ್ಯವಾಗಿ ಕನಿಷ್ಠ ಒಬ್ಬ ಲೇಖಕ ಫೀ ಕಟ್ಟಬೇಕು. ಎಷ್ಟೋ ಕಡೆ ಅದಕ್ಕೆ ವಿದ್ಯಾರ್ಥಿ ರಿಯಾಯಿತಿ ನಡೆಯುವುದಿಲ್ಲ, ಪೂರ್ತಿ ಫೀಯೇ ಆಗಬೇಕು. ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಫೀ ಕಟ್ಟಿಯೂ ಯಾರೂ ಹೋಗಿ ಓದದಿದ್ದರೆ, ಎಂಜಿನಿಯರ್‌ಗಳ ಸಂಘವಾದ ಐಇಇಇಯ ಸಮ್ಮೇಳನಗಳಲ್ಲಿ ಆ ಪೇಪರನ್ನು ಅದರ ಆನ್‌ಲೈನ್ ಪೇಪರ್ ಭಂಡಾರ ಎಕ್ಸ್‌ಪ್ಲೋರ್‌ಗೆ ಹಾಕದೆ ಬಿಡುವ ಹಕ್ಕು ಸಂಘಟಕರಿಗಿದೆ. ಹೋಗಲು ಆಗದು ಅಂತ ಗೊತ್ತಾದ ದಿನವೇ ಪ್ರೋಗ್ರಾಂ ಚೇರ್‌ಗೆ, ಅಂದರೆ ಪೇಪರ್ ಆಯ್ಕೆ ನೋಡಿಕೊಳ್ಳುವ ಮುಖ್ಯಸ್ಥರಿಗೆ, ಮೇಲ್ ಮಾಡಿ. ಸಹಲೇಖಕರಲ್ಲಿ ಯಾರಾದರೂ ಆ ಕಡೆ ಪಿಎಚ್.ಡಿ ನಂತರದ ಸಂಶೋಧನೆ (ಪೋಸ್ಟ್‌ಡಾಕ್) ಮಾಡುತ್ತಿದ್ದರೆ ಅವರು ಓದಬಹುದಾ ಕೇಳಿ. ಆನ್‌ಲೈನ್ ಅವಕಾಶ ಇದೆಯಾ ಕೇಳಿ. ವೀಸಾ ಆಗಲಿಲ್ಲ ಅಂದರೆ ಎಷ್ಟೋ ಚೇರ್‌ಗಳು ದಾರಿ ಮಾಡಿಕೊಡುತ್ತಾರೆ. ಆದರೆ ಸಮ್ಮೇಳನ ಮುಗಿದ ಮೇಲೆ ಕಾರಣ ಹೇಳಿ ಬರೆದ ಮೇಲ್‌ಗೆ ಅವರೂ ಏನು ಮಾಡಲಾಗುತ್ತದೆ?