ಕಡಲಿಗೆ ಕಲ್ಲು ಹಾಕೋಕೆ ಇಂಜಿನಿಯರ್ ಯಾಕೆ ಬೇಕು?

ಪ್ರಶ್ನೆ: “ಸರ್, ನನ್ನ ಮಗಳು ಸಿವಿಲ್ ಮುಗಿಸಿದ್ದಾಳೆ. ಮುಂದೆ ಕೋಸ್ಟಲ್ ಇಂಜಿನಿಯರಿಂಗ್ ಓದ್ತೀನಿ ಅಂತಾಳೆ. ಟಿವಿಯಲ್ಲಿ ನೋಡಿದ್ರೆ ಪ್ರತಿ ಮಳೆಗಾಲ ಟಿಪ್ಪರ್‌ನಲ್ಲಿ ಕಲ್ಲು ತಂದು ಸುರೀತಾರೆ. ಮುಂದಿನ ವರ್ಷ ಅದು ಸಮುದ್ರ ಪಾಲಾಗಿರುತ್ತೆ. ಇನ್ನೂ ದೊಡ್ಡ ಕಲ್ಲು ಹಾಕಿ ಗಟ್ಟಿ ಗೋಡೆ ಕಟ್ಟಿದ್ರೆ ಮುಗೀತಲ್ವಾ? ಇದಕ್ಕೊಂದು ಎಂ.ಟೆಕ್ ಬೇಕಾ?”

ಈ ಪ್ರಶ್ನೆಯನ್ನು ನನಗೆ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಬಸ್ಸಿನಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಡಾಕ್ಟರೇ ಕೇಳಿದರು. ಅವತ್ತು ಉತ್ತರ ಕೊಡದೆ ತಪ್ಪಿಸಿಕೊಂಡೆ. ಕೆಲಸದಲ್ಲಿದ್ದಷ್ಟು ವರ್ಷ ಜೂನ್ ಬಂತೆಂದರೆ ಇದೇ ಪ್ರಶ್ನೆ, ನಿವೃತ್ತನಾದ ಮೇಲೂ ಇದೇ ಪ್ರಶ್ನೆ. ಆದ್ದರಿಂದ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು “ಸಮುದ್ರ ಪಾಲು” ಅನ್ನುವ ಮಾತನ್ನು ಬಿಡಿ. ಕಲ್ಲು ಸಮುದ್ರದ ಪಾಲಾಗುವುದಿಲ್ಲ. ಎರಡು ಟನ್ ಕರಿಕಲ್ಲನ್ನು ಹೊತ್ತುಕೊಂಡು ಅರಬ್ಬಿ ಸಮುದ್ರ ಎಲ್ಲಿಗೆ ಹೋದೀತು? ಕಲ್ಲು ಇದ್ದಲ್ಲೇ ಇರುತ್ತದೆ, ಕೆಳಗೆ ಇಳಿದಿರುತ್ತದೆ ಅಷ್ಟೇ. ನಂಬಿಕೆ ಇಲ್ಲದಿದ್ದರೆ ಮುಂದಿನ ಸಲ ಬೀಚಿಗೆ ಹೋದಾಗ ಅಲೆ ಬಂದು ಹೋಗುವ ಜಾಗದಲ್ಲಿ ಸುಮ್ನೆ ನಿಂತು ನೋಡಿ. ನೀರು ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರುತ್ತದೆ. ನಾಲ್ಕು ಅಲೆಗೆ ಪಾದ ಹುಗಿದಿರುತ್ತದೆ. ಐದನೆಯದಕ್ಕೆ ಬ್ಯಾಲೆನ್ಸ್ ತಪ್ಪುತ್ತದೆ. ನೀವು ಎಲ್ಲಿಗೂ ಹೋಗಲಿಲ್ಲ, ನಿಮ್ಮನ್ನು ಯಾರೂ ಎಳೆಯಲಿಲ್ಲ. ನಿಮ್ಮ ಕೆಳಗಿನದ್ದು ಹೋಯಿತು. ತಡೆಗೋಡೆಯ ಕಲ್ಲಿಗೆ ಆಗುವುದೂ ಇದೇ.

ಒಂದು ಊರಲ್ಲಿ ಹಳೆ ಗೋಡೆಯ ಬುಡ ಗಟ್ಟಿ ಮಾಡಲು ಜನವರಿಯಲ್ಲಿ ಜೆಸಿಬಿ ಇಳಿಸಿದ್ದೆವು. ಎರಡು ಮೀಟರ್ ಅಗೆಯುವಷ್ಟರಲ್ಲಿ ಬಕೆಟ್ ಠಣ್ ಅಂದಿತು. ಕಲ್ಲು. ಅದನ್ನು ತೆಗೆದು ಇನ್ನೊಂದಿಷ್ಟು ಅಗೆದರೆ ಮತ್ತೆ ಕಲ್ಲು, ಇನ್ನೂ ಹಳೆಯದು, ಮೇಲೆಲ್ಲ ಚಿಪ್ಪು ಅಂಟಿಕೊಂಡಿತ್ತು. ಜೊತೆಗಿದ್ದ ಹಿರಿಯ ಮೊಗವೀರರೊಬ್ಬರು ಬಗ್ಗಿ ನೋಡಿ, “ಇದು ನನ್ನ ಮದುವೆ ವರ್ಷ ಹಾಕಿದ್ದು ಮಾರಾಯ್ರೇ” ಅಂದರು. ಮೂರು ತಲೆಮಾರಿನ ಟೆಂಡರ್ ಒಂದರ ಕೆಳಗೊಂದು ಮಲಗಿತ್ತು. ಪ್ರತಿ ಸಲವೂ ಪೇಪರಿನಲ್ಲಿ ಬಂದದ್ದು “ಸಮುದ್ರ ಪಾಲು” ಅಂತಲೇ.

ಇಳಿಯದ ಹಾಗೆ ಮಾಡಬಹುದಾ? ಮಾಡಬಹುದು. ಕಲ್ಲಿನ ಕೆಳಗೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು. ಕಾಫಿ ಫಿಲ್ಟರ್ ಪುಡಿಯನ್ನು ಹಿಡಿದು ಡಿಕಾಕ್ಷನ್ ಬಿಡುವ ಹಾಗೆ ಅದು ಮರಳನ್ನು ಹಿಡಿದು ನೀರನ್ನು ಬಿಡುತ್ತದೆ. ಅದರ ಮೇಲೆ ಸಣ್ಣ ಕಲ್ಲು, ಮೇಲೆ ಮಧ್ಯಮದ್ದು, ಕೊನೆಗೆ ದೊಡ್ಡದು. ಬುಡವನ್ನು ಮಳೆಗಾಲದಲ್ಲಿ ಮರಳು ಎಷ್ಟು ಆಳಕ್ಕೆ ಇಳಿಯುತ್ತದೋ ಅದಕ್ಕಿಂತ ಕೆಳಗೆ ಒಯ್ಯಬೇಕು. ಇದೆಲ್ಲ ಕಡಲು ಶಾಂತವಾಗಿರುವಾಗ ಆಗುವ ಕೆಲಸ. ಜೂನ್ ತಿಂಗಳಲ್ಲಿ, ಆಳೆತ್ತರದ ಅಲೆಯ ಮುಂದೆ, ಹಿಂದಿನ ಮನೆಯವರು ಪಾತ್ರೆಪಗಡ ಹೊರಗೆ ಸಾಗಿಸುತ್ತಿರುವಾಗ ಬಟ್ಟೆ ಹಾಸುತ್ತಾ ಕೂರಲು ಆಗುತ್ತದಾ? ಟಿಪ್ಪರ್ ರಿವರ್ಸ್ ಬರುತ್ತದೆ, ಸುರಿಯುತ್ತದೆ, ಹೋಗುತ್ತದೆ. ಟಿವಿಯಲ್ಲಿ ನೀವು ನೋಡುವುದು ಅದನ್ನೇ. ಆ ಗಳಿಗೆಯಲ್ಲಿ ಅದು ತಪ್ಪೂ ಅಲ್ಲ. ಜನವರಿಯಲ್ಲಿ ಯಾರೂ ಬರದೇ ಇದ್ದದ್ದು ತಪ್ಪು.

ಈಗ “ಇನ್ನೂ ದೊಡ್ಡ ಕಲ್ಲು” ಅನ್ನುವ ಮಾತಿಗೆ ಬರೋಣ. ನನಗೆ ಜಾಸ್ತಿ ಸಿಟ್ಟು ತರಿಸುವುದು ಇದೇ. ಕೇಳಿದರೆ ತುಂಬಾ ಸರಿ ಅನಿಸುತ್ತದೆ, ಅದಕ್ಕೇ ಸಾಯುವುದೇ ಇಲ್ಲ.

ಅಲೆ ಬಂದು ಮರಳಿನ ಇಳಿಜಾರಿನ ಮೇಲೆ ಹತ್ತುವಾಗ ಅದರ ಶಕ್ತಿ ಅಲ್ಲೇ ಕರಗುತ್ತದೆ. ಗೋಡೆಗೆ ಹೊಡೆದರೆ ಕರಗುವುದಿಲ್ಲ, ವಾಪಸ್ ತಿರುಗುತ್ತದೆ. ತಿರುಗುವಾಗ ಬುಡದ ಮರಳನ್ನು ಕೆದರುತ್ತದೆ. ಗೋಡೆಯ ಮುಂದೆ ನೀರಿನ ಆಳ ಹೆಚ್ಚುತ್ತದೆ. ಆಳ ಕಡಿಮೆ ಇರುವ ಕಡೆ ದೊಡ್ಡ ಅಲೆ ಬರಲು ಸಾಧ್ಯವೇ ಇಲ್ಲ, ದೂರದಲ್ಲೇ ಒಡೆಯುತ್ತದೆ. ನೀರಿನ ಆಳದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಅಲೆಯ ಎತ್ತರದ ಮಿತಿ ಅಂತ ಒಂದು ಅಂದಾಜು ಇಟ್ಟುಕೊಳ್ಳಿ. ಅಂದರೆ ಗೋಡೆಯ ಮುಂದೆ ಒಂದು ಮೀಟರ್ ಇದ್ದ ಆಳ ಎರಡು ಮೀಟರ್ ಆದರೆ, ಅಲ್ಲಿಗೆ ತಲುಪುವ ಅಲೆಯ ಎತ್ತರವೂ ಎರಡು ಪಟ್ಟಾಗಬಹುದು.

ಅಲೆ ಎರಡು ಪಟ್ಟಾದರೆ ಕಲ್ಲಿನ ತೂಕ ಎಷ್ಟು ಪಟ್ಟು ಬೇಕು? ಎರಡು ಅಂತೀರಿ. ಅಲ್ಲ, ಎಂಟು. ನಾವೆಲ್ಲ ಬಳಸುವ ಹಡ್ಸನ್ ಸೂತ್ರದಲ್ಲಿ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಎರಡು ಎರಡಲಿ ನಾಲ್ಕು, ನಾಲ್ಕು ಎರಡಲಿ ಎಂಟು. ಮೊದಲು ಒಂದು ಟನ್ ಕಲ್ಲು ಸಾಕಿದ್ದ ಜಾಗಕ್ಕೆ ಈಗ ಎಂಟು ಟನ್ ಬೇಕು. ಎಂಟು ಟನ್ ಕಲ್ಲನ್ನು ಯಾವ ಕ್ವಾರಿಯಿಂದ ತರುತ್ತೀರಿ, ಯಾವ ಹಳ್ಳಿ ರಸ್ತೆಯಲ್ಲಿ ತರುತ್ತೀರಿ? ಅದಕ್ಕೇ ಕಾಂಕ್ರೀಟಿನ ನಾಲ್ಕು ಕಾಲಿನ ಟೆಟ್ರಾಪಾಡ್ ಬಂದದ್ದು. 1950ರಲ್ಲಿ ಫ್ರಾನ್ಸಿನವರು ಮಾಡಿದ್ದು. ಒಂದರ ಕಾಲು ಇನ್ನೊಂದಕ್ಕೆ ಸಿಕ್ಕಿಕೊಂಡು ಕಡಿಮೆ ತೂಕದಲ್ಲೇ ನಿಲ್ಲುತ್ತವೆ. ಮುಂಬೈ ಮರೀನ್ ಡ್ರೈವ್‌ನಲ್ಲಿ ಅದರ ಪಕ್ಕ ಫೋಟೊ ತೆಗೆಸಿಕೊಂಡಿರುತ್ತೀರಿ.

ಟೆಟ್ರಾಪಾಡೇ ಹಾಕಿದಿರಿ, ಗೋಡೆ ನಿಂತಿತು ಅಂತಿಟ್ಟುಕೊಳ್ಳಿ. ಏನು ಉಳಿಯಿತು? ಗೋಡೆಯ ಹಿಂದಿನ ಮನೆ, ತೋಟ, ರಸ್ತೆ. ಮುಂದಿನ ದಂಡೆ ಹೋಯಿತು. ಅಲ್ಲಿ ದೋಣಿ ಎಳೆದು ಹಾಕುತ್ತಿದ್ದರು, ಬಲೆ ಒಣಗಿಸುತ್ತಿದ್ದರು, ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಗೋಡೆ ಕಾಯುವುದು ತನ್ನ ಬೆನ್ನ ಹಿಂದಿನ ಆಸ್ತಿಯನ್ನು. ದಂಡೆಯನ್ನು ಕಾಯುವುದು ಅದರ ಕೆಲಸವೇ ಅಲ್ಲ. ಈ ಎರಡನ್ನೂ “ಕಡಲ್ಕೊರೆತ ತಡೆ” ಅನ್ನುವ ಒಂದೇ ಹೆಸರಿನಲ್ಲಿ ಬರೆಯುತ್ತೇವಲ್ಲ, ಗೊಂದಲ ಹುಟ್ಟುವುದು ಅಲ್ಲಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ರಸ್ತೆಯನ್ನು ಹಿಂದೆ ಸರಿಸಲು ಜಾಗವೇ ಇಲ್ಲ. ಅಲ್ಲಿ ಕಲ್ಲು ಬೇಕು, ಒಪ್ಪುತ್ತೇನೆ. ಆದರೆ ಹೆದ್ದಾರಿಗಾಗಿ ಅಂತ ಒಪ್ಪಿಕೊಂಡು ಹಾಕಬೇಕು.

ಪಕ್ಕದ ಊರಿನ ಕಥೆ ಬೇರೆಯೇ ಇದೆ. ಅಲೆ ದಡಕ್ಕೆ ನೇರವಾಗಿ ಬರುವುದು ಕಡಿಮೆ, ಸ್ವಲ್ಪ ಓರೆಯಾಗಿ ಬರುತ್ತದೆ. ಮರಳನ್ನು ಓರೆಯಾಗಿ ಮೇಲೆ ತಂದು ನೇರವಾಗಿ ಕೆಳಗೆ ಎಳೆಯುತ್ತದೆ. ಹೀಗೆ ಗರಗಸದ ಹಲ್ಲಿನಂತೆ ಹತ್ತಿ ಇಳಿದು ಮರಳು ದಡದುದ್ದಕ್ಕೂ ಪ್ರಯಾಣ ಮಾಡುತ್ತಲೇ ಇರುತ್ತದೆ. ಪೂರ್ವ ಕರಾವಳಿಯಲ್ಲಿ ವರ್ಷದ ಲೆಕ್ಕ ಹಾಕಿದರೆ ಅದು ಉತ್ತರಕ್ಕೆ ಹೋಗುತ್ತದೆ. 1876ರಲ್ಲಿ ಮದ್ರಾಸ್ ಬಂದರಿನ ಕೆಲಸ ಶುರುವಾಯಿತು. ಕಡಲೊಳಗೆ ಚಾಚಿದ ಗೋಡೆಗೆ ಮರಳು ಸಿಕ್ಕಿಬಿತ್ತು. ದಕ್ಷಿಣಕ್ಕೆ ಮರೀನಾ ಬೀಚ್ ಅಗಲವಾಗುತ್ತಾ ಬಂತು, ಉತ್ತರಕ್ಕೆ ರಾಯಪುರಂ ಕಡೆ ಕೊರೆಯುತ್ತಾ ಬಂತು. ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ಎಷ್ಟು ದೊಡ್ಡ ಬೀಚ್ ಅಂತ ಹೊಗಳುತ್ತೀರಲ್ಲ, ಅದರಲ್ಲಿ ಉತ್ತರದವರ ಪಾಲಿನ ಮರಳೂ ಇದೆ. ಪುದುಚೇರಿಯಲ್ಲೂ ಇದೇ ಆಯಿತು. ಬಂದರಿಗೆ ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲೊಳಗೆ ಚಾಚಿದ ಗೋಡೆ) ಬಂತು, ಊರಿನ ಬೀಚ್ ಹೋಯಿತು, ಕಲ್ಲು ಸುರಿದರು, ಕೊರೆತ ಉತ್ತರದ ಮೀನುಗಾರರ ಹಳ್ಳಿಗಳಿಗೆ ದಾಟಿತು. ನಮ್ಮ ಉಳ್ಳಾಲದಲ್ಲಿ ನೇತ್ರಾವತಿ–ಗುರುಪುರ ನದಿಗಳು ಕಡಲು ಸೇರುವ ಅಳಿವೆಗೆ ಎರಡು ಕಡೆ ಬ್ರೇಕ್‌ವಾಟರ್ ಇದೆ. ಉತ್ತರದ ಬೆಂಗ್ರೆಯಲ್ಲಿ ಮರಳು ಕೂಡಿತು, ದಕ್ಷಿಣದ ಉಳ್ಳಾಲ ಕೊರೆಯಿತು. ನಮ್ಮ ಕಡೆ ಋತುವಿಗೆ ತಕ್ಕಂತೆ ಮರಳಿನ ದಿಕ್ಕೂ ಬದಲಾಗುತ್ತದೆ, ಆದ್ದರಿಂದ ಲೆಕ್ಕ ಇನ್ನೂ ಕಷ್ಟ. ಎಂ.ಟೆಕ್ ಬೇಕಾಗುವುದು ಈ ಲೆಕ್ಕಕ್ಕೆ.

ಹಾಗಾದರೆ ಪರಿಹಾರ? ಹೋದದ್ದು ಮರಳು, ಕೊಡಬೇಕಾದ್ದೂ ಮರಳೇ. ಪುದುಚೇರಿಯಲ್ಲಿ 2018ರ ಹೊತ್ತಿಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನೀರಿನೊಳಗೆ ಬೆಣೆಯಾಕಾರದ ಉಕ್ಕಿನ ರೀಫ್ (ಅಲೆಯ ಬಲ ತಗ್ಗಿಸುವ ದಿಬ್ಬ) ಇಳಿಸಿದರು. ಬಂದರಿನ ಬಾಯಲ್ಲಿ ಹೂಳೆತ್ತಿದ ಮರಳನ್ನು ದಡಕ್ಕೆ ಹಾಕಿದರು. ಎಷ್ಟೋ ವರ್ಷ ಬರೀ ಕಲ್ಲಿದ್ದ ಜಾಗದಲ್ಲಿ ಮಕ್ಕಳು ಮತ್ತೆ ಮರಳಲ್ಲಿ ಆಡುವಂತಾಯಿತು. ನೆದರ್‌ಲ್ಯಾಂಡ್ಸ್‌ನವರು 2011ರಲ್ಲಿ ಒಂದೇ ಜಾಗದಲ್ಲಿ 2.15 ಕೋಟಿ ಘನ ಮೀಟರ್ ಮರಳು ಗುಡ್ಡೆ ಹಾಕಿ, ಇನ್ನು ಅಲೆಯೇ ಹಂಚಿಕೊಳ್ಳಲಿ ಅಂತ ಬಿಟ್ಟರು.

“ಆ ಮರಳೂ ಹೋಗಲ್ವಾ ಸರ್?” ಹೋಗುತ್ತದೆ. ಹೋಗಲಿ ಅಂತಲೇ ಹಾಕುವುದು. ನಮ್ಮೂರಲ್ಲಿ ಮಳೆಗೆ ಮುಂಚೆ ಹಂಚು ಕೈಯಾಡಿಸುತ್ತೇವೆ. ಹೋದ ವರ್ಷವೂ ಆಡಿಸಿದ್ದೆವಲ್ಲ, ದುಡ್ಡು ದಂಡ ಅಂತ ಯಾರಾದರೂ ಹೇಳುತ್ತಾರಾ? ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿದ್ದ ಮರಳಿಗಿಂತ ಸಣ್ಣ ಕಾಳಿನ ಮರಳು ಹಾಕಿದರೆ ಬೇಗ ಖಾಲಿ. ಜರಡಿ ಹಿಡಿದು ನೋಡಿಯೇ ಹಾಕಬೇಕು.

ಮಗಳ ಕೆಲಸ ಏನಿರುತ್ತದೆ? ಸುರತ್ಕಲ್ ಎನ್‌ಐಟಿಕೆ ಅಥವಾ ಐಐಟಿ ಮದ್ರಾಸ್‌ನಲ್ಲಿ ಓದಬಹುದು. ಮುಂದೆ ಬಂದರು ಇಲಾಖೆ, ಚೆನ್ನೈನ ಸಂಸ್ಥೆಗಳು, ಪುಣೆಯ ಖಡಕ್‌ವಾಸ್ಲಾದ ಮಾದರಿ ಪರೀಕ್ಷೆ ಕೇಂದ್ರ, ಖಾಸಗಿ ಕನ್ಸಲ್ಟೆನ್ಸಿ. ಎಲ್ಲಿ ಸೇರಿದರೂ ಮೊದಲ ಕೆಲವು ವರ್ಷ ಬರೀ ಅಳತೆ. ಪ್ರತಿ ತಿಂಗಳು ಅದೇ ಕಂಬದಿಂದ ಅದೇ ಗೆರೆಯಲ್ಲಿ ನೀರಿಗಿಳಿಯುವವರೆಗೆ ದಂಡೆಯ ಎತ್ತರ ಅಳೆಯುವುದು. ಬೋರ್ ಹೊಡೆಯುತ್ತದೆ. ಆದರೆ ನಾನು ಕಲಿತದ್ದೆಲ್ಲ ಅಲ್ಲೇ. ಒಂದು ಬೀಚಿಗೆ ಇಳಿಯುವ ಮೆಟ್ಟಿಲು ನನ್ನ ಗೆರೆಯ ಪಕ್ಕದಲ್ಲಿತ್ತು. ಜುಲೈನಲ್ಲಿ ಕೊನೆಯ ಮೆಟ್ಟಿಲಿನಿಂದ ಕೆಳಗೆ ಹಾರಬೇಕಿತ್ತು. ಊರವರು ಗೋಡೆ ಬೇಕೆಂದು ಮನವಿ ಬರೆದರು. ಫೆಬ್ರವರಿಯಲ್ಲಿ ಹೋದರೆ ಕೆಳಗಿನ ಮೂರು ಮೆಟ್ಟಿಲು ಮರಳಿನಡಿ ಮುಚ್ಚಿಹೋಗಿದ್ದವು. ಮಳೆಗಾಲದ ಅಲೆ ಮರಳನ್ನು ಸ್ವಲ್ಪ ದೂರ ಒಯ್ದು ನೀರೊಳಗೆ ದಿಬ್ಬ ಮಾಡಿಡುತ್ತದೆ, ಬೇಸಿಗೆಯ ಅಲೆ ವಾಪಸ್ ತಂದು ಕೊಡುತ್ತದೆ. ಈ ಜುಲೈಯನ್ನು ಹಿಂದಿನ ಜುಲೈ ಜೊತೆ ಹೋಲಿಸಬೇಕೇ ಹೊರತು ಫೆಬ್ರವರಿ ಜೊತೆ ಅಲ್ಲ. ಆ ಮನವಿಗೆ ನಾನು ಗೋಡೆ ಬೇಡ ಅಂತ ಷರಾ ಬರೆದೆ. ಇವತ್ತಿಗೂ ಅಲ್ಲಿ ಗೋಡೆ ಇಲ್ಲ, ಬೀಚ್ ಇದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ, ನಾನೇ ಕೇಳಿಕೊಳ್ಳುತ್ತೇನೆ. ದಂಡೆಗೆ ಮರಳು ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಬಹುಪಾಲು ಘಟ್ಟದಿಂದ. ನದಿ ತಂದು ಅಳಿವೆಯಲ್ಲಿ ಕೊಡುತ್ತದೆ, ಅಲೆ ಊರೂರಿಗೆ ಹಂಚುತ್ತದೆ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ ಮೇಲೆ ಮೇಲಿನ ಮರಳು ಜಲಾಶಯದಲ್ಲೇ ಕೂರುತ್ತದೆ, ಹೊನ್ನಾವರಕ್ಕೆ ಬರುವುದಿಲ್ಲ. ಕಿಂಡಿ ಅಣೆಕಟ್ಟುಗಳು ಮಳೆಗಾಲದಲ್ಲಿ ಬಾಗಿಲು ತೆಗೆದಾಗ ಒಂದಿಷ್ಟು ಬಿಡುತ್ತವೆ. ಹಾಗೆ ಉಳಿದು ಬಂದದ್ದನ್ನು ಡಿಸೆಂಬರಿನಲ್ಲಿ ದೋಣಿಗೆ ತುಂಬಿ, ದೋಣಿಯಿಂದ ಲಾರಿಗೆ ತುಂಬಿ, ಲಾರಿಯಿಂದ ನಮ್ಮ ನಿಮ್ಮ ಮನೆಯ ಸ್ಲ್ಯಾಬಿಗೆ ಹಾಕುತ್ತೇವೆ. ನನ್ನ ಮನೆಯ ತಾರಸಿಯೂ ಹೊಳೆ ಮರಳಿನದ್ದೇ, ಸುಳ್ಳು ಹೇಳಲ್ಲ. ಅಳಿವೆಯಲ್ಲಿ ದೋಣಿ ಓಡಾಟಕ್ಕೆ ಅಡ್ಡವಾದ ಮರಳು ದಿಬ್ಬ ತೆಗೆಯಲೇಬೇಕಾಗುತ್ತದೆ, ಅದಕ್ಕೆ ತಕರಾರಿಲ್ಲ. ತೆಗೆದದ್ದನ್ನು ಪಕ್ಕದ ಕೊರೆಯುವ ದಂಡೆಗೆ ಹಾಕಿ ಅಂತ ಮೀಟಿಂಗುಗಳಲ್ಲಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲವೂ ಯಾರಾದರೊಬ್ಬರು ಏಳುತ್ತಾರೆ: “ಒಳ್ಳೇ ಮರಳನ್ನು ಕಡಲಿಗೆ ಹಾಕೋದಾ ಸರ್?”

ಮಗಳು ಹೊರಟಳೆಂದರೆ ಈ ಪ್ರಶ್ನೆಗೂ ಉತ್ತರ ರೆಡಿ ಇಟ್ಟುಕೊಂಡು ಬರಲು ಹೇಳಿ. ದಂಡೆ ನೋಡಲು ವರ್ಷಕ್ಕೆ ಎರಡು ಸಲ ಕಳಿಸಿ, ಜುಲೈಯಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ. ಎರಡು ಸಲವೂ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಲಿ.