ಎಂಜಿನ್ ಎಣ್ಣೆಯ ಹದ ಕಾಯುವ ಆಯಿಲ್ ಕೂಲರ್

ಎಂಜಿನ್ ಆಯಿಲ್ ಎಂದರೆ ಬಿಡಿಭಾಗಗಳು ಸವೆಯದಂತೆ ನೋಡಿಕೊಳ್ಳುವ ಜಿಡ್ಡು ಎಂದಷ್ಟೇ ಹೆಚ್ಚಿನವರು ತಿಳಿದಿರುತ್ತಾರೆ. ಅದಕ್ಕೆ ಶಾಖ ಹೊರುವ ಕೆಲಸವೂ ಇದೆ. ರೇಡಿಯೇಟರ್‌ನ ನೀರು ಸಿಲಿಂಡರಿನ ಗೋಡೆಯ ಸುತ್ತ, ಹೆಡ್‌ನ ಒಳಗೆ ಓಡಾಡುತ್ತದೆ. ಆದರೆ ಪಿಸ್ಟನ್ನಿನ ತಳಕ್ಕಾಗಲಿ, ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್‌ಗಾಗಲಿ ಅದು ತಲುಪುವುದಿಲ್ಲ. ಅಲ್ಲಿಯ ಬಿಸಿಯನ್ನು ಎತ್ತಿಕೊಂಡು ಬರುವುದು ಎಣ್ಣೆಯೇ. ಹೀಗೆ ಹೊತ್ತು ತಂದ ಹೊರೆಯನ್ನು ಇಳಿಸುವ ಜಾಗವೇ ಆಯಿಲ್ ಕೂಲರ್. ಕಂಪನಿ ಕೂರಿಸಿದ ಕೂಲರಿನ ಬದಲು ದೊಡ್ಡದನ್ನೋ, ಗಟ್ಟಿಯಾದದ್ದನ್ನೋ, ಬೇರೆ ಬಗೆಯದನ್ನೋ ಹಾಕಿಸುವುದಕ್ಕೆ ಆಯಿಲ್ ಕೂಲರ್ ಅಪ್‌ಗ್ರೇಡ್ ಎನ್ನುತ್ತಾರೆ.

‘ಕೂಲರ್’ ಎಂಬ ಹೆಸರು ಮಾತ್ರ ಸ್ವಲ್ಪ ದಾರಿ ತಪ್ಪಿಸುತ್ತದೆ. ಎಣ್ಣೆ ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಅದರಿಂದಲೇ ಹುಟ್ಟಿದ್ದು. ಕುಲುಮೆಯ ಕಬ್ಬಿಣಕ್ಕೆ, ಬಿತ್ತುವ ನೆಲಕ್ಕೆ ಹೇಗೆ ಒಂದು ಹದ ಇದೆಯೋ ಎಂಜಿನ್ ಎಣ್ಣೆಗೂ ಹಾಗೆಯೇ ಒಂದು ಹದ ಇದೆ. ಸಾಮಾನ್ಯ ಬಳಕೆಯಲ್ಲಿ ಅದು ಸುಮಾರು 90ರಿಂದ 110 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ತೀರಾ ಕೆಳಗೇ ಉಳಿದರೆ ಎಣ್ಣೆಗೆ ಸೇರಿಕೊಂಡ ತೇವಾಂಶ ಮತ್ತು ಉರಿಯದೆ ಇಳಿದ ಇಂಧನ ಆವಿಯಾಗಿ ಹೋಗುವುದಿಲ್ಲ. ಚಳಿಗಾಲದಲ್ಲಿ ಬರೀ ಸಣ್ಣ ದೂರಕ್ಕೆ ಓಡುವ ಕಾರಿನ ಆಯಿಲ್ ಮುಚ್ಚಳವನ್ನು ತಿರುಗಿಸಿ ನೋಡಿ. ಒಳಬದಿಯಲ್ಲಿ ನಸುಹಳದಿ ನೊರೆಯಂಥ ಜಿಡ್ಡು ಮೆತ್ತಿಕೊಂಡಿರುತ್ತದೆ. ಹದಕ್ಕೆ ಬಾರದ ಎಣ್ಣೆಯ ಗುರುತು ಅದು.

ಹದ ಮೀರಿದರೆ ತೊಂದರೆ ಇನ್ನೂ ದೊಡ್ಡದು. ಡಬ್ಬಿಯ ಮೇಲೆ 5ಡಬ್ಲ್ಯು-40 ಎಂದಿದ್ದರೆ ಕೊನೆಯ 40 ಎಂಬ ಅಂಕಿ 100 ಡಿಗ್ರಿಯಲ್ಲಿ ಆ ಎಣ್ಣೆಗಿರುವ ಸ್ನಿಗ್ಧತೆಯ, ಅಂದರೆ ದಪ್ಪದ, ದರ್ಜೆಯನ್ನು ಹೇಳುತ್ತದೆ. ಅದೇ ಎಣ್ಣೆ 130 ಡಿಗ್ರಿಗೆ ಏರಿದರೆ ಅದರ ದಪ್ಪ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಬೇರಿಂಗ್ ಮತ್ತು ಶಾಫ್ಟಿನ ನಡುವೆ ನಿಂತು ಲೋಹಕ್ಕೆ ಲೋಹ ತಾಗದಂತೆ ತಡೆಯುವ ಪದರ ತೆಳುವಾಗುತ್ತದೆ, ಎಣ್ಣೆಯ ಒತ್ತಡ ಕುಸಿಯುತ್ತದೆ. ಜೊತೆಗೆ, ಪ್ರತಿ 10 ಡಿಗ್ರಿ ಏರಿಕೆಗೆ ಎಣ್ಣೆ ಆಕ್ಸಿಡೀಕರಣಗೊಳ್ಳುವ (ಆಮ್ಲಜನಕದ ಜೊತೆ ಸೇರಿ ಕೆಡುವ) ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬುದು ತಂತ್ರಜ್ಞರ ಹಳೆಯ ಅಂದಾಜು. ಭಾರ ಎಳೆದುಕೊಂಡು ಘಾಟಿ ಹತ್ತುವ ವಾಹನ, ಟ್ರ್ಯಾಕ್‌ನಲ್ಲಿ ಸುತ್ತು ಹೊಡೆಯುವ ಕಾರು, ಟರ್ಬೊದ ಒತ್ತಡ ಹೆಚ್ಚಿಸಿಕೊಂಡ ಎಂಜಿನ್ ಇವು ಈ ಗಡಿಯನ್ನು ಬೇಗ ದಾಟುತ್ತವೆ. ಕೂಲರ್ ಹಾಕಿದ ಮಾತ್ರಕ್ಕೆ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ. ಇರುವ ಶಕ್ತಿ ಕೊನೆಯವರೆಗೂ ಉಳಿಯುತ್ತದೆ, ಅಷ್ಟೇ. ಎಣ್ಣೆ ಅತಿಯಾಗಿ ಕಾದಾಗ ಇಂದಿನ ಹಲವು ಕಾರುಗಳ ಕಂಪ್ಯೂಟರ್ ತಾನಾಗಿಯೇ ಶಕ್ತಿಯನ್ನು ಮೊಟಕುಗೊಳಿಸುವುದರಿಂದ ಅದೇ ದೊಡ್ಡ ಲಾಭ.

ಕೂಲರಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಸಣ್ಣ ರೇಡಿಯೇಟರಿನಂತೆ ಕಾಣುವ, ಗಾಳಿಗೆ ಶಾಖ ಬಿಡುವ ಕೂಲರ್. ಇನ್ನೊಂದು, ಎಂಜಿನ್ನಿಗೇ ಅಂಟಿಕೊಂಡಿದ್ದು ಕೂಲೆಂಟ್‌ಗೆ, ಅಂದರೆ ರೇಡಿಯೇಟರ್‌ನ ನೀರಿಗೆ, ಶಾಖ ಕೊಡುವಂಥದ್ದು. ಎರಡನೆಯದನ್ನು ಕೀಳಾಗಿ ಕಾಣುವವರಿದ್ದಾರೆ, ನನಗೆ ಅದು ಸರಿಯೆನಿಸುವುದಿಲ್ಲ. ಬೆಳಗ್ಗೆ ಎಂಜಿನ್ ಚಾಲೂ ಆದಾಗ ಕೂಲೆಂಟ್ ಎಣ್ಣೆಗಿಂತ ಬೇಗ ಬಿಸಿಯಾಗುತ್ತದೆ. ಆಗ ಇದೇ ಕೂಲರ್ ಎಣ್ಣೆಯನ್ನು ಕಾಯಿಸಿ ಹದಕ್ಕೆ ತರುತ್ತದೆ.

ಆದರೆ ಅದಕ್ಕೂ ಒಂದು ದೌರ್ಬಲ್ಯ ಉಂಟು. 2003ರಿಂದ 2007ರವರೆಗೆ ಫೋರ್ಡ್‌ನ ಸೂಪರ್ ಡ್ಯೂಟಿ ಪಿಕಪ್‌ಗಳಲ್ಲಿ ಬಂದ 6.0 ಲೀಟರ್ ಡೀಸೆಲ್ ಎಂಜಿನ್ ಇದಕ್ಕೆ ಹೆಸರಾಂತ ಉದಾಹರಣೆ. ಅದರ ಕೂಲರಿನೊಳಗೆ ಕೂಲೆಂಟ್ ಹರಿಯುವ ಸಂದುಗಳು ಬಲು ಕಿರಿದು. ಕೂಲೆಂಟ್‌ನ ಗಸಿ, ಎಂಜಿನ್ನಿನ ಎರಕದಲ್ಲಿ ಉಳಿದ ಮರಳಿನ ಕಣಗಳು ಅಲ್ಲಿ ಸಿಕ್ಕಿಕೊಂಡು ಹರಿವು ಕಟ್ಟಿತು. ಎಣ್ಣೆ ಕಾದದ್ದಷ್ಟೇ ಅಲ್ಲ, ಅದೇ ದಾರಿಯಲ್ಲಿ ಮುಂದಿದ್ದ ಇಜಿಆರ್ ಕೂಲರಿಗೆ (ಎಂಜಿನ್ನಿಗೆ ಮರಳಿ ಕಳಿಸುವ ಹೊಗೆಯನ್ನು ತಣಿಸುವ ಭಾಗ) ಸಾಕಷ್ಟು ಕೂಲೆಂಟ್ ಸಿಗದೆ ಅದೂ ಬಿರುಕು ಬಿಟ್ಟಿತು. ಹೀಗಾಗಿ ಹಲವು ಮಾಲೀಕರು ಗಾಳಿಯ ಕೂಲರಿಗೆ ಬದಲಾಯಿಸಿಕೊಂಡರು. ಈ ಎಂಜಿನ್ ಕಲಿಸಿಕೊಟ್ಟ ಒಂದು ಪರೀಕ್ಷೆ ಇದೆ: ಚೆನ್ನಾಗಿ ಬಿಸಿಯಾದ ವಾಹನ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುತ್ತಿರುವಾಗ ಎಣ್ಣೆಯ ತಾಪ ಕೂಲೆಂಟ್‌ನ ತಾಪಕ್ಕಿಂತ ಎಷ್ಟು ಮೇಲಿದೆ ಎಂದು ನೋಡುವುದು. ಈ ಎಂಜಿನ್ನಿನಲ್ಲಿ ಅಂತರ ಸುಮಾರು 8 ಡಿಗ್ರಿ ದಾಟಿದರೆ ಕೂಲರ್ ಕಟ್ಟಿಕೊಳ್ಳುತ್ತಿದೆ ಎಂದೇ ಅರ್ಥ. ಬೇರೆ ಎಂಜಿನ್ನುಗಳಲ್ಲಿ ಈ ಅಂಕಿ ಬೇರೆ ಇರಬಹುದು, ಆದರೆ ಅಳೆಯದೆ ಕೂಲರ್ ಕೊಳ್ಳಲು ಹೊರಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕೂಲರಿನ ಅಳತೆಯಷ್ಟೇ ಅದು ಕೂರುವ ಜಾಗವೂ ಮುಖ್ಯ. ನೀರಿಲ್ಲದೆ ಗಾಳಿಯಿಂದಲೇ ಎಂಜಿನ್ ತಣಿಯುತ್ತಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಆಯಿಲ್ ಕೂಲರ್ ಫ್ಯಾನಿನ ಗಾಳಿಗೂಡಿನೊಳಗೇ ನಿಂತಿತ್ತು. ಪಾಪ, ಅದರ ಹಿಂದಿದ್ದ ಮೂರನೆಯ ಸಿಲಿಂಡರಿಗೆ ಸಿಗುತ್ತಿದ್ದದ್ದು ಕೂಲರನ್ನು ಹಾದು ಬಿಸಿಯಾದ ಗಾಳಿ. ಕಾದು ಕೆಡುತ್ತಿದ್ದದ್ದೂ ಹೆಚ್ಚಾಗಿ ಅದೇ. 1971ರ ಮಾದರಿಯಲ್ಲಿ ಕೂಲರನ್ನು ಹೊರಗೆ ಸರಿಸಿ, ಬೇರೆಯೇ ಗೂಡು ಕಟ್ಟಿ, ಬೇರೆಯೇ ಗಾಳಿ ಕೊಟ್ಟರು. ಅದಕ್ಕೆ ‘ನಾಯಿಗೂಡು’ ಎಂಬ ಅಡ್ಡಹೆಸರೇ ಬಿದ್ದಿತು. ಹಳೆಯ ಬೀಟಲ್ ಇಟ್ಟುಕೊಂಡವರು ಇಂದಿಗೂ ಮಾಡಿಸುವ ಅಪ್‌ಗ್ರೇಡ್ ಅದು. ಹೊಸ ಕಾರಿನಲ್ಲೂ ಇದೇ ಲೆಕ್ಕ: ರೇಡಿಯೇಟರಿನ ನೇರ ಮುಂದೆ ದೊಡ್ಡ ಕೂಲರ್ ನೇತುಹಾಕಿದರೆ ರೇಡಿಯೇಟರಿಗೆ ಬಿಸಿ ಗಾಳಿಯೇ ಗತಿ. ಗಾಳಿ ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯನ್ನೂ ನೋಡಬೇಕು.

ಗಾಳಿಯ ಕೂಲರ್ ಹಾಕಿಸುವವರು ಥರ್ಮೋಸ್ಟಾಟ್ ಇಲ್ಲದೆ ಹಾಕಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುಮಾರು 80 ಡಿಗ್ರಿ ಆಗುವವರೆಗೆ ಅದು ಎಣ್ಣೆಯನ್ನು ಕೂಲರಿನ ಕಡೆಗೆ ಹೆಚ್ಚು ಬಿಡದೆ ಎಂಜಿನ್ನಿಗೇ ಹಿಂತಿರುಗಿಸುತ್ತದೆ. ಎಂಜಿನ್ ಚಾಲೂ ಮಾಡಿ ಕೂಲರಿನ ಕೊಳವೆಯ ಬಳಿ ಕೈಯೊಡ್ಡಿದರೆ ಇದರ ಕೆಲಸ ತಿಳಿಯುತ್ತದೆ. ಮೊದಮೊದಲು ಕೊಳವೆ ಅಷ್ಟೇನೂ ಬಿಸಿ ಇರುವುದಿಲ್ಲ, ಆಮೇಲೆ ಕೆಲವೇ ಕ್ಷಣಗಳಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ. ಇನ್ನು ಕೊಳವೆ ಕಿರಿದಾಗಿದ್ದರೆ, ತಿರುವು ಹೆಚ್ಚಿದ್ದರೆ ಬೇರಿಂಗ್‌ಗೆ ತಲುಪುವ ಒತ್ತಡ ಕುಗ್ಗುತ್ತದೆ.

ಬೇರಿಂಗ್ ಒಡೆದು ಎಂಜಿನ್ ಬಿಚ್ಚಿಸಿದ್ದರೆ ಹಳೆಯ ಕೂಲರನ್ನು ತೊಳೆದು ಮತ್ತೆ ಹಾಕಬೇಡಿ. ಅದರ ಸಂದುಗಳಲ್ಲಿ ಅಡಗಿದ ಲೋಹದ ಚೂರುಗಳನ್ನು ಪೂರ್ತಿ ತೆಗೆಯುವುದು ಬಹುತೇಕ ಅಸಾಧ್ಯ, ಅವು ಹೊಸ ಬೇರಿಂಗನ್ನೂ ತಿನ್ನುತ್ತವೆ. ಹೊಸ ಕೂಲರ್ ಮತ್ತು ಕೊಳವೆಗಳು ಮೊದಲು ತಮ್ಮ ಹೊಟ್ಟೆ ತುಂಬಿಕೊಳ್ಳುತ್ತವೆ. ಆದ್ದರಿಂದ ಎಂಜಿನ್ ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗಿ ನಿಂತ ಮೇಲೆ, ಎಣ್ಣೆ ಕೆಳಗಿಳಿಯಲು ಬಿಟ್ಟು, ಡಿಪ್‌ಸ್ಟಿಕ್ ಇನ್ನೊಮ್ಮೆ ಎಳೆದು ನೋಡಿ, ಕಡಿಮೆಯಾದಷ್ಟು ಎಣ್ಣೆ ಸೇರಿಸಬೇಕು.