ಮುದ್ದೆಕೋಲಿನ ಕೆಲಸಕ್ಕೆ ಕಡೆಗೋಲು

ಸ್ನಾನದ ಮನೆಯಲ್ಲಿ ಟವೆಲ್ ರಾಡ್ ಕೂರಿಸಲು ಹೊರಟು ಗೋಡೆಯ ಟೈಲು ಮೂಲೆಯಿಂದ ಮೂಲೆಗೆ ಸೀಳಿತೆಂದರೆ, ನಾವು ಮೊದಲು ಟೈಲಿನ ಗುಣಮಟ್ಟವನ್ನು ಬೈಯುತ್ತೇವೆ, ಆಮೇಲೆ ಕೈಗುಣದ ಮಾತು ತೆಗೆಯುತ್ತೇವೆ. ನಾನು ಎರಡನ್ನೂ ಮುಗಿಸಿದ ಮೇಲೆ ನೋಡಿದರೆ, ಡ್ರಿಲ್ಲಿಂಗ್ ಮೆಷಿನ್ನಿನ ನೆತ್ತಿಯ ಮೇಲಿನ ಗುಂಡಿ ಸುತ್ತಿಗೆಯ ಚಿತ್ರದ ಕಡೆಗೆ ಸರಿದಿತ್ತು, ಅಂದರೆ ಮೆಷಿನ್ನು ತಿರುಗುವುದರ ಜೊತೆಗೆ ಏಟನ್ನೂ ಹಾಕುತ್ತಿತ್ತು.

ವಿಟ್ರಿಫೈಡ್ ಟೈಲು ಹೆಸರಿಗೆ ತಕ್ಕಂತೆ ಅರ್ಧ ಗಾಜು. ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಅದರ ಮೈಯಲ್ಲಿ ರಂಧ್ರಗಳು ಎಷ್ಟು ಕಡಿಮೆಯೆಂದರೆ, ಅದು ತನ್ನ ತೂಕದ 0.5 ಶೇಕಡಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಇಂಥ ವಸ್ತುವನ್ನು ಒತ್ತಿದರೆ ಅದು ಬೆಟ್ಟದಂತೆ ನಿಲ್ಲುತ್ತದೆ, ಎಳೆದರೆ ಹಪ್ಪಳದಂತೆ ಮುರಿಯುತ್ತದೆ. ಗಾಜು ಲೆಕ್ಕಕ್ಕಿಂತ ಬಹಳ ಬೇಗ ಒಡೆಯುವುದಕ್ಕೆ ಅದರ ಮೇಲಿರುವ, ಕಣ್ಣಿಗೆ ಕಾಣದ ಬಿರುಕುಗಳೇ ಕಾರಣವೆಂದು ಬ್ರಿಟನ್ನಿನ ಎಂಜಿನಿಯರ್ ಗ್ರಿಫಿತ್ 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಕಾಂಕ್ರೀಟಿನಲ್ಲಿ ಸುತ್ತಿಗೆಯ ಏಟಿಗೆ ಹುಟ್ಟಿದ ಬಿರುಕು ಮುಂದಿನ ಜಲ್ಲಿಕಲ್ಲಿಗೆ ತಗಲಿ ನಿಲ್ಲುತ್ತದೆ. ಟೈಲಿನಲ್ಲಿ ಅದನ್ನು ತಡೆಯುವವರಿಲ್ಲ.

ಆದ್ದರಿಂದ ಇದು ತೆಂಗಿನಕಾಯಿ ಒಡೆಯುವ ಕೆಲಸವಲ್ಲ, ಗಂಧ ತೇಯುವ ಕೆಲಸ. ಮೆತ್ತನೆಯ ಗ್ಲೇಜ್ಡ್ ಗೋಡೆ ಟೈಲಿಗೆ ಈಟಿಮೊನೆಯ ಕಾರ್ಬೈಡ್ ಬಿಟ್, ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ಕೊರೆಯುವ ಮೊನೆ, ಸಾಕು. ವಿಟ್ರಿಫೈಡ್ ಟೈಲಿಗೆ ವಜ್ರದ ಹರಳು ಕೂರಿಸಿದ, ಒಳಗೆ ಟೊಳ್ಳಾದ ಬಿಟ್ ಬೇಕು. ಟೊಳ್ಳು ಏಕೆಂದರೆ, 35 ಮಿಲಿಮೀಟರ್ ಅಗಲದ ತೂತಿಗೆ 2 ಮಿಲಿಮೀಟರ್ ದಪ್ಪದ ಅಂಚನ್ನಷ್ಟೇ ತೇಯ್ದರೆ, ಪುಡಿಯಾಗಬೇಕಾದ ಭಾಗ ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. ಉಳಿದದ್ದು ಬಿಲ್ಲೆಯಾಗಿ ಕೈಗೆ ಬರುತ್ತದೆ. ಪ್ರಾಚೀನ ಈಜಿಪ್ಟಿನವರು ತಾಮ್ರದ ಕೊಳವೆ ಮತ್ತು ಮರಳಿನಿಂದ ಗ್ರಾನೈಟ್ ಕೊರೆದದ್ದು ಇದೇ ಉಪಾಯದಿಂದ. ಅದನ್ನು ಅನ್ಯಗ್ರಹದವರ ಕೈವಾಡವೆಂದು ನಂಬಿಸುವ ವಿಡಿಯೋಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಗುಜರಾತಿನ ಖಂಭಾತದಲ್ಲಿ ಮಣಿ ಕೊರೆಯುವವರು ವಜ್ರದ ಮೊನೆಯ ಬಿಲ್ಲು ಡ್ರಿಲ್ಲನ್ನು ಹನಿ ಹನಿ ನೀರು ಬಿಡುತ್ತಾ ತಿರುಗಿಸುತ್ತಾರೆ, ಗಟ್ಟಿ ಅಗೇಟ್ ಕಲ್ಲು ಅದಕ್ಕೆ ಮಣಿಯುತ್ತದೆ.

ಆ ನೀರು ಶಾಸ್ತ್ರಕ್ಕಲ್ಲ. ವಜ್ರವೆಂದರೆ ಇಂಗಾಲ, 700 ಡಿಗ್ರಿ ದಾಟಿದ ಮೇಲೆ ಅದು ಗಾಳಿಯಲ್ಲಿ ನಿಧಾನವಾಗಿ ಸುಡತೊಡಗುತ್ತದೆ. ಬಿಟ್ಟನ್ನು ಮೊದಲು ಓರೆಯಾಗಿ ಹಿಡಿದು ಬಿದಿಗೆ ಚಂದ್ರನಂಥ ಗೀರೊಂದನ್ನು ಮಾಡಿಕೊಂಡು, ಆಮೇಲೆ ನೇರಮಾಡಿ, ಒದ್ದೆ ಸ್ಪಂಜಿನಿಂದ ನೀರು ಕೊಡುತ್ತಾ ಹೋಗಬೇಕು. ತೂತಿನಿಂದ ಹಾಲಿನಂಥ ಬಿಳಿ ನೀರು ಇಳಿಯುತ್ತಿದ್ದರೆ ಕೆಲಸ ಸರಿಯಾಗಿದೆ. ಒಣ ಪುಡಿ ಹಾರಿದರೆ ನಿಲ್ಲಿಸಬೇಕು, ಏಕೆಂದರೆ ಬಿಟ್ಟಿಗಿಂತ ಮೊದಲು ಹಾಳಾಗುವುದು ಸಿಲಿಕಾ ಧೂಳು ಕುಡಿದ ಶ್ವಾಸಕೋಶ. ಕರೆಂಟಿನ ಮೆಷಿನ್ನಿಗೆ ನೀರು ತಾಗದಂತೆ ನೋಡಿಕೊಳ್ಳುವುದಂತೂ ಇದ್ದೇ ಇದೆ.

ಇದೇ ಮೆಷಿನ್ನಿಗೆ ಕಲಸುವ ಪ್ಯಾಡಲ್ ಸಿಕ್ಕಿಸಿ, ಟೈಲು ಅಂಟಿಸುವ ಅಡ್ಹೆಸಿವ್ ಕಲಸಲು ಹೊರಟಾಗ ಲೆಕ್ಕ ತಲೆಕೆಳಗಾಗುತ್ತದೆ. 20 ಕಿಲೋ ಚೀಲಕ್ಕೆ ಸುಮಾರು 5 ಲೀಟರ್ ನೀರು ಹೀರಿಕೊಂಡ ಆ ಸಿಮೆಂಟು-ಪಾಲಿಮರ್ ಹಿಟ್ಟು, ರಾಗಿಮುದ್ದೆಯ ಹದಕ್ಕೆ ಹತ್ತಿರ. ಮುದ್ದೆಕೋಲನ್ನು ನಿಧಾನವಾಗಿ, ರಟ್ಟೆಯ ಬಲದಿಂದ ತಿರುವುತ್ತಾರೆ. ಕಡೆಗೋಲನ್ನು ಹಗುರವಾಗಿ, ಸರಸರನೆ ಆಡಿಸುತ್ತಾರೆ. ಅಡ್ಹೆಸಿವನ್ನು ಕಡೆಗೋಲಿನ ವೇಗದಲ್ಲಿ ಕಡೆದರೆ ಗಾಳಿ ಒಳಸೇರಿ ನೊರೆಯಾಗುತ್ತದೆ, ಅದರಲ್ಲಿರುವ ಸೆಲ್ಯುಲೋಸ್ ಅಂಶ ಆ ಗುಳ್ಳೆಗಳನ್ನು ಒಡೆಯಲು ಬಿಡುವುದಿಲ್ಲ, ಒಣಗಿದ ಮೇಲೆ ಅಂಟು ದುರ್ಬಲವಾಗುತ್ತದೆ.

ಇಲ್ಲಿ ಮೆಷಿನ್ನಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ಸಂಖ್ಯೆ ನಮ್ಮನ್ನು ಏಮಾರಿಸುತ್ತದೆ. ನಷ್ಟಗಳನ್ನು ಬದಿಗಿಟ್ಟು ನೋಡಿದರೆ, 850 ವಾಟ್ ಶಕ್ತಿಯು ನಿಮಿಷಕ್ಕೆ 3000 ಸುತ್ತಿನಲ್ಲಿ ಸುಮಾರು 2.7 ನ್ಯೂಟನ್-ಮೀಟರ್ ತಿರುಚುಬಲ ಕೊಟ್ಟರೆ, 500 ಸುತ್ತಿನಲ್ಲಿ ಸುಮಾರು 16 ಕೊಡುತ್ತದೆ. ತುಂಬಿದ ಬಸ್ಸು ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತುವುದಿಲ್ಲ. ಎಂಜಿನ್ ಅದೇ, ಗೇರು ಬೇರೆ. ಹಾಗಾದರೆ ಟ್ರಿಗರನ್ನು ಅರ್ಧ ಒತ್ತಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಟ್ರಿಗರು ಮೋಟಾರಿಗೆ ಹೋಗುವ ವಿದ್ಯುತ್ತನ್ನೇ ಕತ್ತರಿಸುತ್ತದೆ, ಬಲವನ್ನು ಕೂಡಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮೋಟಾರನ್ನು ತಣ್ಣಗಿಡುವ ಫ್ಯಾನು ಅದೇ ಮೋಟಾರಿನ ಅಚ್ಚಿನ ಮೇಲಿದೆ. ಹಿಟ್ಟು ತಡೆದಂತೆ ವೇಗ ಇಳಿಯುತ್ತದೆ, ಕರೆಂಟು ಏರುತ್ತದೆ, ಕರೆಂಟು ಇಮ್ಮಡಿಯಾದರೆ ತಂತಿಯ ಬಿಸಿ ನಾಲ್ಮಡಿಯಾಗುತ್ತದೆ, ಗಾಳಿ ಬೇಕಾದ ಆ ಹೊತ್ತಿಗೇ ಫ್ಯಾನು ಸೋಲುತ್ತದೆ. ಬೀಸಣಿಗೆ ಬೀಸುವವನಿಗೇ ಬವಳಿ ಬಂದಂತೆ. ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಬರುವುದು ಆಗಲೇ. ಗೇರಿನಿಂದ ವೇಗ ಇಳಿಸಿದ ಮಿಕ್ಸರಿನಲ್ಲಿ ಪ್ಯಾಡಲ್ ನಿಧಾನವಾಗಿದ್ದರೂ ಒಳಗಿನ ಮೋಟಾರು, ಅದರೊಂದಿಗೆ ಫ್ಯಾನು, ಭರದಿಂದಲೇ ಸುತ್ತುತ್ತಿರುತ್ತವೆ.

ಎರಡೂ ಕೆಲಸವನ್ನು ಒಂದೇ ಮೆಷಿನ್ನಿನಿಂದ ಮಾಡಿಸಲೇಬೇಕಾದರೆ ಎರಡು ಗೇರುಗಳಿರುವ, ಬಿಟ್ಟನ್ನು ಕಚ್ಚಿ ಹಿಡಿಯುವ ಮೂರು ಹಲ್ಲಿನ ಚಕ್ ಇರುವ ಡ್ರಿಲ್ ತೆಗೆದುಕೊಳ್ಳಬೇಕು. ಕಾಂಕ್ರೀಟಿಗೆಂದೇ ಮಾಡಿದ ರೋಟರಿ ಹ್ಯಾಮರಿನ ಚಕ್ ಸಡಿಲ, ಅದರಲ್ಲಿ ವಜ್ರದ ಬಿಟ್ ಅಲುಗಾಡುತ್ತದೆ. ಪ್ಯಾಡಲ್ಲಿನ ಸುರುಳಿ ಹಿಟ್ಟನ್ನು ತಳದಿಂದ ಮೇಲೆತ್ತುವಂತಿರಬೇಕು, ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ, ಕಲಸಿ ಐದು ನಿಮಿಷ ಬಿಟ್ಟು ಮತ್ತೆ ನೀರು ಸೇರಿಸದೆ ಇನ್ನೊಮ್ಮೆ ಕಲಸಬೇಕು. ಒಂದೇ ಗೇರಿನ ಸಣ್ಣ ಡ್ರಿಲ್ಲು ಮಾತ್ರ ಇರುವವರು ಅದನ್ನು ತೂತಿಗೆ ಮೀಸಲಿಟ್ಟು, ಒಂದೆರಡು ಕಿಲೋ ಅಡ್ಹೆಸಿವನ್ನು ಬಾಂಡ್ಲಿಯಲ್ಲಿ ಕರಣೆಯಿಂದಲೇ ಕಲಸಿಕೊಳ್ಳುವುದು ಮೇಲು.